ಎಡಗಣ್ಣಿನ ಕೆಳಗೊಂದು

ಅರಸೀಕೆರೆಯಲ್ಲಿ ಈ ಕೆಲಸಕ್ಕೆ
ಮೊದಲು ಗೊತ್ತಿರಬೇಕಾದದ್ದು ರೈಲಿನ ವೇಳೆ.
ಹುಬ್ಬಳ್ಳಿ ಕಡೆಯಿಂದ ಗೂಡ್ಸು ಬಂದರೆ
ಗೋಡೆ ನಡುಗುತ್ತದೆ, ಮೇಜು ನಡುಗುತ್ತದೆ,
ಕೆಳಮುಖವಾಗಿ ಬಿಗಿದ ಕ್ಯಾಮೆರಾ
ಮುದುಕರ ಹಾಗೆ ತಲೆಯಾಡಿಸುತ್ತದೆ.
ಕಾಯಬೇಕು,
ಕೊನೆಯ ಡಬ್ಬಿಯ ಸದ್ದು
ತಿಪಟೂರಿನ ದಿಕ್ಕಿಗೆ ತೆಳ್ಳಗಾಗುವ ತನಕ.

ಫ್ಯಾನು ಬಂದ್. ಕಿಟಕಿ ಬಂದ್.
ಬೆಳಕಿಗೆ ಮಗಳ ಹಳೇ ಟ್ಯಾಬು, ಬರೀ ಬಿಳಿ ತೆರೆ.
ಅದರ ಮೇಲೆ ನಾಲ್ಕು ಬೆಂಕಿಪೊಟ್ಟಣದ ಕಾಲು,
ಕಾಲಿನ ಮೇಲೆ ಹಾಲುಬಣ್ಣದ ಅಕ್ರಿಲಿಕ್ ತುಂಡು,
ತುಂಡಿನ ಮೇಲೆ ನೆಗೆಟಿವ್,
ಬಾಷಾ ಸ್ಟುಡಿಯೋ ಮುಚ್ಚಿದ ದಿನ
ಸಂಬಳದ ಬಾಕಿಗೆಂದು ಅತ್ತೆ ಹೊತ್ತು ತಂದ
ಬಿಸ್ಕತ್ತಿನ ಡಬ್ಬದ್ದು.

ಅಲ್ಲಿ ಎಲ್ಲರ ಕೂದಲೂ ನರೆತಿದೆ, ಹಲ್ಲೆಲ್ಲ ಕಪ್ಪು.
ಕ್ಲಿಕ್ಕಿಸಿ, ತಿರುವಿ ಹಾಕಿದರೆ
ಯಾರ್ಯಾರೋ ಪ್ರಾಯಕ್ಕೆ ಬರುತ್ತಾರೆ.
ಗೀರಿಲ್ಲ, ಗುಳಿಯಿಲ್ಲ ಒಬ್ಬರ ಮುಖದಲ್ಲೂ.

ವಾರೆಯಾಗಿ ಟಾರ್ಚು ಹಿಡಿದರೆ ಗೊತ್ತಾಗುತ್ತದೆ:
ಫಿಲ್ಮಿನ ಮಾಸಲು ಮೈಮೇಲೆ ಅತ್ತೆಯ ಪೆನ್ಸಿಲು,
ಇರುವೆ ಹೆಜ್ಜೆಯಷ್ಟು ಗೀಟು, ಗೀಟಿನ ಪಕ್ಕ ಗೀಟು.
ತಲೆಗೆ ಎಂಟಾಣೆಯಂತೆ ಊರಿನ ಸಿಡುಬನ್ನೆಲ್ಲ
ತುಂಬಿ ಮುಚ್ಚಿದ್ದಳು ಕಮಲಾಕ್ಷತ್ತೆ.

ಡಬ್ಬದ ತಳದಲ್ಲಿ ಅವಳದೇ ಒಂದು.
ಇಪ್ಪತ್ತರ ಪ್ರಾಯ, ಕತ್ತಿಗೆ ಯಾರದೋ ಸರ.
ಟಾರ್ಚು ಹಿಡಿದೆ. ಪೆನ್ಸಿಲಿಲ್ಲ.
ಅಂಗಡಿಯವಳಿಗೆ ಅಂಗಡಿ ಸಾಮಾನು ಯಾಕೆ ಅಂದಳೋ,
ಪುರಸೊತ್ತಿರಲಿಲ್ಲವೋ.

ಕಂಪ್ಯೂಟರಿನಲ್ಲೊಂದು ಗುಂಡಿಯಿದೆ,
‘ಕಲೆ ತೆಗೆ’ ಅನ್ನುವಂಥದ್ದು. ಒತ್ತಿದೆ.
ಕಲೆ ಹೋಯಿತು.
ಜೊತೆಗೆ ಅತ್ತೆಯೂ ಹೋದಳು.
ಯಾವಳೋ ನುಣುಪು ಕೆನ್ನೆಯವಳು
ಗುರುತಿಲ್ಲದ ಹಾಗೆ ನನ್ನನ್ನು ನೋಡಿದಳು.

ರದ್ದು ಮಾಡಿ ಮೊದಲಿನಿಂದ ಶುರುವಿಟ್ಟೆ, ಕೈಯಲ್ಲೇ.
ಧೂಳು ಬೆಳ್ಳಗೆ ಬೀಳುತ್ತದೆ, ಅದು ಸುಲಭ.
ಬೂಷ್ಟು ತಿಂದ ತೂತು ಕಪ್ಪು,
ಸಿಡುಬಿನ ಕುಳಿಯೂ ಕಪ್ಪು.
ಇದು ಡಬ್ಬದ್ದು, ಇದು ಅವಳದ್ದು,
ಇದು ಅವಳದ್ದು, ಇದೂ,
ಇದು ಡಬ್ಬದ್ದು.
ತಲೆಗೆ ಎಣ್ಣೆ ಒತ್ತಿಸಿಕೊಳ್ಳುವಾಗ
ಕೆಳಗಿನಿಂದ ಕಂಡ ಗಲ್ಲವನ್ನು ನೆನೆದು ನೆನೆದು
ವಿಂಗಡಿಸಿದೆ.

ಎಡಗಣ್ಣಿನ ಕೆಳಗೊಂದು ಮಾತ್ರ ಬಗೆಹರಿಯಲಿಲ್ಲ.
ಬಾಣಾವರಕ್ಕೆ ಫೋನು ಹಚ್ಚಿದೆ.
‘ಏನೋ ಇದು ಈ ಹೊತ್ನಲ್ಲಿ?’
ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ
‘ಕನ್ನಡಿ ಒಳಗಿದೆ ಕಣೋ. ಇರು, ಮುಟ್ಟಿ ನೋಡ್ತೀನಿ.’

ಅಷ್ಟರಲ್ಲಿ ಅವಳ ಕಡೆ ಗೂಡ್ಸು ಬಂತು,
ಏನೂ ಕೇಳಿಸಲಿಲ್ಲ.
ಇನ್ನು ಕಾಲು ಗಂಟೆಗೆ ಅದು
ನನ್ನ ಮೇಜಿಗೆ ಬರುತ್ತದೆ.