ಒಂದು ಸೀಟಿ

ಒಂದು ಸೀಟಿ ಅಂದರೆ ನಿಲ್ಲಿಸು,
ಎರಡು ಅಂದರೆ ಹೊರಡು.
ಹದಿನಾಲ್ಕು ವರ್ಷ ಈ ಎರಡೇ ಮಾತಿನಲ್ಲಿ
ಹಾಸನ–ಬೇಲೂರು ಆಡಿದ್ದೇನೆ,
ದಿನಕ್ಕೆ ಆರು ಸಲ.

ಹಗರೆಯಲ್ಲಿ ಒಂದು ಬೆಳಿಗ್ಗೆ ಡ್ರೈವರ್ ಜಬೀವುಲ್ಲಾ
ಕನ್ನಡಿಯೊಳಗಿಂದಲೇ ಕೇಳಿದ:
"ಏನಕ್ಕಾ, ಸೀಟಿಗೆ ಉಸಿರೇ ಇಲ್ಲ?
ರೈಟ್ ಅಂದ್ರೋ, ನಿಟ್ಟುಸಿರು ಬಿಟ್ರೋ ತಿಳೀಲಿಲ್ಲ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.
ಕಂಬಿ ಹಿಡಿದ ಕೈಯ ಉಗುರು ಕಂಡೆ,
ಸುಲಿದ ಬೆಳ್ಳುಳ್ಳಿಯ ಎಸಳಿನಷ್ಟು ಬಿಳಿ.

ಒಳಗೆ ಹನ್ನೆರಡನೇ ದಿನ ನಡೆದಿತ್ತು.

ಹೇಳದೆ ಇರಲಿಲ್ಲ, ಹೇಳಿದ್ದೆ.
"ನಲವತ್ನಾಕು ಆಯ್ತಲ್ಲ, ನಿಲ್ಲೋಕೆ ಮುಂಚೆ ಹಿಂಗೇಯ,
ದೀಪ ಆರೋವಾಗ ಉರಿಯಲ್ವಾ" ಅಂದಳು ಓರಗಿತ್ತಿ.
"ಇಂಜಿನ್ ಪಕ್ಕದ ಕಾವು, ಮಜ್ಜಿಗೆ ಕುಡಿ" ಅಂದಳು ಡಿಪೋದ ಗೆಳತಿ.
ಕುಡಿದೆ. ಬಾಳೆಹೂವಿನ ಪಲ್ಯ ತಿಂದೆ.
ಖಾಕಿಯೊಳಗೆ ಕಪ್ಪು ಲಂಗ ಉಟ್ಟೆ.
ದಾರಿಯನ್ನು ಕಿಲೋಮೀಟರಿನಲ್ಲಿ ಅಲ್ಲ, ಪ್ಯಾಡಿನಲ್ಲಿ ಅಳೆದೆ:
ಹಾಸನದಿಂದ ಬೇಲೂರಿಗೆ ಒಂದು.
ಬೇಲೂರಿನಿಂದ ಹಾಸನಕ್ಕೆ ಒಂದು, ಕೆಲವು ದಿನ ಸಾಲದು.

ಆವತ್ತು ಸಂಜೆ ಲೆಕ್ಕ ಒಪ್ಪಿಸುವಾಗ
ನೂರಾ ಎಂಬತ್ತು ರೂಪಾಯಿ ಕಮ್ಮಿ ಬಂತು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.
ಕೈಯಿಂದ ಕಟ್ಟಿ, ಮೆಟ್ಟಿಲ ಮೇಲೆ ಕೂತುಬಿಟ್ಟೆ.
ರಕ್ತ ಕಮ್ಮಿಯಾದಾಗ ಹೆದರದವಳು
ರೊಕ್ಕ ಕಮ್ಮಿಯಾದಾಗ ಹೆದರಿದೆ.

ಜಿಲ್ಲಾಸ್ಪತ್ರೆ, ಕೊಠಡಿ ಹನ್ನೊಂದು.
ನನ್ನ ಮಗಳ ವಯಸ್ಸಿನ ಡಾಕ್ಟರು.
"ಎಷ್ಟು ದಿನ ಹೋಗುತ್ತೆ? ಯಾವತ್ತು ಶುರು?
ಗಡ್ಡೆಗಡ್ಡೆ ಬೀಳುತ್ತಾ? ನಡುನಡುವೆ ಕಾಣುತ್ತಾ?"
ಸ್ಟೇಜು ಸ್ಟೇಜಿನ ದರ ಬಾಯಲ್ಲಿರುವವಳಿಗೆ
ತನ್ನದೊಂದು ತಾರೀಖು ಗೊತ್ತಿಲ್ಲ.
ಕೊನೆಗೆ ಹೇಳಿದೆ: ಚೆಕಿಂಗಿನವರು ಹತ್ತಿದ ದಿನ ಶುರು,
ಟೈರು ಸಿಡಿದ ದಿನವೂ ಇತ್ತು,
ಸಂಬಳದ ದಿನ ನಿಂತು, ನಾಲ್ಕೇ ದಿನಕ್ಕೆ ಮತ್ತೆ.

ಅವರು ನಗಲಿಲ್ಲ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು
ನನ್ನ ಬಸ್ಸಿನ ಹಿಂದೆಯೇ ಬಂದರು.
"ಏಳು ದಿನ, ಹೆಚ್ಚೆಂದರೆ ಎಂಟು. ದಾಟಿದಾಗಲೇ ಬರಬೇಕಿತ್ತು.
ಇಪ್ಪತ್ತೊಂದು ದಿನದ ಒಳಗೇ ತಿರುಗಿ ಬಂದಾಗಲೂ.
ಗಂಟೆಗೊಂದು ಪ್ಯಾಡು ತುಂಬಿ ತಲೆ ಸುತ್ತಿದರೆ ಮಾತ್ರ
ಓಪಿಡಿ ಕಾಯಬೇಡಿ, ಅರ್ಧರಾತ್ರಿಯಾದರೂ ಬನ್ನಿ."
ನಿಲ್ಲುವ ಕಾಲ ಅಂತಿದ್ದರು, ಅಂದೆ.
"ಇರಬಹುದು. ನೋಡದೆ ಹೇಗೆ ಹೇಳೋದು?
ಪೂರ್ತಿ ನಿಂತು ವರ್ಷ ಕಳೆದವರಿಗೆ
ಒಂದು ಹನಿ ಕಂಡರೂ ನೋಡಲೇಬೇಕು."

ಹಿಮೋಗ್ಲೋಬಿನ್ ಏಳೂವರೆ.
ಏಳೂವರೆ ಅಂದರೆ ಇಷ್ಟು ದಿನ ನನಗೆ
ಮೊದಲ ಟ್ರಿಪ್ಪಿನ ಹೊತ್ತು.
ಸ್ಕ್ಯಾನು, ಥೈರಾಯ್ಡು, ಗರ್ಭದ ಪರೀಕ್ಷೆಯೂ
(ಈ ವಯಸ್ಸಲ್ಲಿ! ಅಂದೆ. ಈ ವಯಸ್ಸಲ್ಲೂ, ಅಂದರು).
ಒಳಪದರದ ಒಂದು ಚೂರು ತೆಗೆದು ಡಬ್ಬಿಗೆ ಹಾಕಿದರು,
ಚಿಲ್ಲರೆಯಷ್ಟು ಸಣ್ಣದು.

ರಿಪೋರ್ಟು ಬಂದಿಲ್ಲ ಇನ್ನೂ.
ರಜೆ ಮುಗಿಯಿತು, ಕಬ್ಬಿಣದ ಮಾತ್ರೆ ನುಂಗಿ ಹತ್ತಿದ್ದೇನೆ.
ಸೀಟಿ ಸ್ವಲ್ಪ ದೂರ ಕೇಳುತ್ತದಂತೆ.

ಇವತ್ತು ಒಬ್ಬಳು ಕಾಲೇಜು ಹುಡುಗಿ.
ಸೀಟು ಖಾಲಿ ಇದ್ದರೂ ಕೂರಲೊಲ್ಲಳು.
ಸೊಂಟಕ್ಕೆ ಕಟ್ಟಿದ ಸ್ವೆಟರು, ಕಳೆದ ವಾರವೂ ಅದೇ,
ಅದೇ ಕಂಬಿ, ಅದೇ ಸುಣ್ಣದಂಥ ತುಟಿ.
ಅವಳ ಸೊನ್ನೆ ಟಿಕೆಟ್ಟಿನ ಹಿಂದೆ
ಪೆನ್ನಿನಲ್ಲಿ ಬರೆದೆ: ಕೊಠಡಿ ಹನ್ನೊಂದು.
ಮೆಷಿನ್ನು ಅಚ್ಚೊತ್ತಿದ್ದು ಬಿಸಿಲಿಗೆ ಮಾಸುತ್ತದೆ,
ಇದು ಇರುತ್ತದೆ.

"ಎಷ್ಟು ದಿನ ಆಯ್ತು, ಮಗಾ?"
ಕಿಟಕಿಯಾಚೆ ನೋಡುತ್ತ ಬೆರಳು ಮಡಚತೊಡಗಿದಳು.
ಒಂದು ಕೈ ಮುಗಿಯಿತು.
ಇನ್ನೊಂದು ಕೈಯಲ್ಲಿ ಎಣಿಸಲು
ಕಂಬಿ ಬಿಡಬೇಕು.

ನಾನು ಊದಿದೆ,
ಒಂದೇ.