ಒಂದು ದವಡೆ ಕಮ್ಮಿ

ಮೈದಾ ಎರಡು ಪಾವು, ನೀರು ಕಣ್ಣಂದಾಜು,
ಕುದಿ ಬರುವಾಗ ಒಂದು ಚಿಟಿಕೆ ಮೈಲುತುತ್ತು.
ದಸರೆಗೆ ಹುಲಿತಲೆ ಮಾಡುವಾಗ ಮಾವ
ಹೀಗೇ ತಿರುವುತ್ತಿದ್ದರು, ಎಡಗೈಯಲ್ಲಿ ಬೀಡಿ.
ನಾನು ಮೊದಲ ದಿನ ತುತ್ತು ಮರೆತೆ.
ಅದರ ಕಥೆ ಆಮೇಲೆ.

ಬಿಜೈಯಲ್ಲಿ ಹೊಸ ಕೆಫೆಯಂತೆ, ಹುಡುಗನ ಹೆಸರು ರೆನಿಲ್,
ಫೋನು ತೋರಿಸಿ ಹೇಳಿದ: ಆಂಟೀ, ಇಂಥ ಬುರುಡೆ ಹನ್ನೆರಡು,
ಮೂವತ್ತೊಂದನೇ ತಾರೀಕಿಗೆ. ನೋಡಿದವರು ಹೆದರಬೇಕು.
ಎಷ್ಟು ಹೆದರಬೇಕು, ಕೇಳಿದೆ,
ರವಿಕೆ ಹೊಲಿಯುವವಳು ತೋಳಿನ ಅಳತೆ ಕೇಳುವ ಹಾಗೆ.
ಸ್ವಲ್ಪ, ಅಂದ. ಕಾಫಿ ಚೆಲ್ಲದಷ್ಟು.

ಮಗ ಚಿರಂತ ಕೆನ್ನೆ ಉಬ್ಬಿಸಿ ಬಲೂನು ಊದಿದ.
ನಾನು ಪೇಪರು ಹರಿದೆ.
ಹರಿಯುವುದಕ್ಕೂ ಒಂದು ಕ್ರಮ ಉಂಟು:
ಕತ್ತರಿ ತಾಗಿಸಬಾರದು, ಕತ್ತರಿಸಿದ ಅಂಚು ಹಠಮಾರಿ,
ಹರಿದದ್ದು ಮಾತ್ರ ಹರಿದದ್ದರೊಳಗೆ ಸೇರುತ್ತದೆ.
ಬಂಗುಡೆಯ ರೇಟು, ಬಸ್ಸಿನವರ ಮುಷ್ಕರ,
ಸುರತ್ಕಲ್ಲಿನಲ್ಲಿ ಯಾರದೋ ಮನೆಯೊಕ್ಕಲು,
ಎಲ್ಲ ಬೆರಳಗಲದ ಪಟ್ಟಿಯಾಗಿ ಗಂಜಿಯಲ್ಲಿ ಮುಳುಗಿತು.
ಏಳನೇ ಪುಟಕ್ಕೆ ಕೈ ಹಾಕಿದಾಗ ಅತ್ತೆ ಹಿಡಿದರು.
ಅಲ್ಲಿ ಚೌಕ ಚೌಕದೊಳಗೆ ಮುಖಗಳು,
ಕೆಳಗೆ ಬೊಜ್ಜದ ತಾರೀಕು, ದುಃಖತಪ್ತ ಕುಟುಂಬದವರು.
ಇವರನ್ನು ಬುರುಡೆ ಮಾಡಬೇಡ, ಅಂದರು,
ಈಗಷ್ಟೇ ಬಿಟ್ಟು ಹೋಗಿದ್ದಾರೆ ಅದನ್ನು.
ಆ ಹಾಳೆ ಮಡಚಿ ಅಕ್ಕಿ ಡಬ್ಬದ ಅಡಿಗೆ ಹೋಯಿತು.

ಮಳೆ ಮುಗಿಯಿತು ಅನ್ನುವುದು ಕ್ಯಾಲೆಂಡರಿನ ಮಾತು,
ಜೆಪ್ಪುವಿನ ಗಾಳಿಗೆ ಯಾರೂ ತಿಳಿಸಿರಲಿಲ್ಲ.
ಮೂರು ದಿನವಾದರೂ ತಲೆಗಳು ಬೇಯದ ಕಡುಬಿನ ಹಾಗೆ.
ಕೊನೆಗೆ ಗಿಲ್ಬರ್ಟ್ ಪೊರ್ಬುಗಳು ಕರೆದರು:
ನಮ್ಮ ಒಲೆಯ ಮೇಲಿನ ಅಟ್ಟ ಖಾಲಿ ಉಂಟು,
ತಂದಿಡು ಮಾರಾಯ್ತಿ, ಮೇಲೆ ತಲೆ, ಕೆಳಗೆ ಬನ್ನು.
ನಸುಕಿನಲ್ಲಿ ಬಿಸಿಗೆ ಒಂದು ಬಲೂನು ಒಳಗೊಳಗೇ ಒಡೆಯಿತು.
ಪೊರ್ಬುಗಳು ಶಿಲುಬೆಯ ಗುರುತು ಹಾಕಿದರು,
ಒಂದು ಟ್ರೇ ಬನ್ನು ನೆಲಕ್ಕೆ.
ಬ್ರೆಡ್ಡಿಗೆ ಬಂದ ಟೀಚರು ಮೇಲೆ ನೋಡಿ,
ಅದಕ್ಕೆ ಎಷ್ಟು, ಅಂತ ಕೇಳಿದರಂತೆ.

ಅಟ್ಟ ಸೇರಿದ್ದು ಹನ್ನೊಂದೇ.
ಮೊದಲನೆಯದನ್ನು ಮೊದಲ ರಾತ್ರಿಯೇ ಇಲಿ ತಿಂದಿತ್ತು.
ಪೂರ್ತಿ ಅಲ್ಲ. ಮೊಟ್ಟೆ ಟ್ರೇಯಿಂದ ಮಾಡಿದ ಕೆಳದವಡೆ ಮಾತ್ರ.
ನಾನು ಅಂಟಿಸಿದ ಹುಣಸೆಬೀಜದ ಹಲ್ಲುಗಳನ್ನು
ಅಡುಗೆಮನೆ ಹೊಸ್ತಿಲ ತನಕ ಉದುರಿಸುತ್ತಾ ಹೋಗಿತ್ತು.
ಚಿರಂತ ನಗುತ್ತಾ ಹೆಕ್ಕಿದ.
ಅತ್ತೆ ನಗಲಿಲ್ಲ.

ಮಾವ ದೇರಳಕಟ್ಟೆಯ ಆಸ್ಪತ್ರೆಯಿಂದ ಬಂದದ್ದು
ಮುಖದ ಕೆಳಗಿನ ಅರ್ಧ ಟವೆಲಿನಲ್ಲಿ ಸುತ್ತಿಕೊಂಡು.
ಊಟ ಮೂಗಿನ ನಳಿಗೆಯಲ್ಲಿ. ಮಾತು ಸ್ಲೇಟಿನಲ್ಲಿ.
ಓಣಿಯ ಮಕ್ಕಳು ಹೆದರುತ್ತಿದ್ದರು, ಸ್ವಲ್ಪ ಅಲ್ಲ.
ಒಂದು ಮಧ್ಯಾಹ್ನ ಎದ್ದು ಗಂಜಿ ಕಾಸಲು ಬರೆದು ತೋರಿಸಿದರು.
ಎರಡು ದಿನ ಕೂತು ತಮಗೊಂದು ದವಡೆ ಮಾಡಿದರು,
ಅದೇ ಪೇಪರು, ಅದೇ ಮೈದಾ,
ಕಿವಿಗೆ ಸಿಕ್ಕಿಸಲು ಎಲಾಸ್ಟಿಕ್ಕು,
ಮೇಲೆ ಹಳದಿ ಬಣ್ಣ, ಕಪ್ಪು ಪಟ್ಟೆ.
ಹಾಕಿಕೊಂಡು ಓಣಿಗಿಳಿದರು.
ಮಕ್ಕಳು ಹುಲೀ ಎಂದು ಹಿಂದೆ ಓಡಿದವು.
ಅತ್ತೆ ಬಾಗಿಲಲ್ಲಿ ನಿಂತು ಬೈದರು, ಬಿಸಿಲಿಗೆ ಹೋಗಬೇಡಿ ಅಂತ.

ಹನ್ನೊಂದನ್ನು ಕೊಟ್ಟು ಬಂದೆ.
ಒಂದು ಕಮ್ಮಿ ಉಂಟಲ್ಲ ಆಂಟೀ, ಅಂದ ರೆನಿಲ್.
ಅದು ನೀವು ಹೇಳಿದ ಅಳತೆಗಿಂತ ಹೆಚ್ಚಾಯಿತು, ಅಂದೆ.
ಅವನಿಗೆ ಅರ್ಥವಾಗಲಿಲ್ಲ, ಹಣ ಹಿಡಿದೇ ಕೊಟ್ಟ.

ಆ ವರ್ಷ ಪರ್ಬ ನವೆಂಬರಿಗೆ ಬಿತ್ತು.
ಸತ್ತವರಿಗೆ ಬಡಿಸುವ ರಾತ್ರಿ ಎಲೆಯ ಮೇಲೆ
ದೋಸೆ, ಕೋಳಿಸಾರು, ಎಲ್ಲ ಕ್ರಮದ ಹಾಗೆಯೇ.
ತುದಿಯ ಎಲೆಗೆ ಮಾತ್ರ ಅತ್ತೆ
ಗಂಜಿಯ ತೆಳಿ ಬಸಿದು ತಂದು ಒಂದು ಲೋಟ ಇಟ್ಟರು.
ಕಪಾಟಿನ ಮೇಲೆ ಅದು ಕೂತಿತ್ತು, ಬಣ್ಣ ಹಚ್ಚದೆ,
ಹಣೆಯಲ್ಲಿ ಬಂಗುಡೆಯ ರೇಟು ಇನ್ನೂ ಓದಬಹುದಿತ್ತು.
ದೀಪ ಸಣ್ಣದು ಮಾಡಿ, ಬಾಗಿಲು ಎಳೆಯುವ ಮುಂಚೆ
ಅತ್ತೆ ನನ್ನ ಕಡೆ ತಿರುಗಿ
ಉಪ್ಪು ಹಾಕಿದ್ದೀಯಲ್ಲ, ಅಂತ ಕೇಳಿದರು.