ಸೀಸದ ಬುಗುರಿ

ಮೊಂಟೆವಿಡಿಯೋದಲ್ಲಿ ಹನುಕ್ಕಾ ಬರುವುದು ಸುಡುಬೇಸಿಗೆಯಲ್ಲಿ.
ರಾತ್ರಿ ಒಂಬತ್ತಾಗುತ್ತ ಬಂದರೂ ಸೂರ್ಯ ಇಳಿಯಲೊಲ್ಲ,
ಅವನಿಳಿಯದೆ ದೀಪ ಹಚ್ಚುವಂತಿಲ್ಲ.
ಅಷ್ಟು ಹೊತ್ತು ಮಕ್ಕಳನ್ನು ಹಿಡಿದು ಕೂರಿಸುವುದು ಹೇಗೆ?
ಅಜ್ಜಿ ಶ್ಪ್ರಿಂಟ್ಸೆ ಏಪ್ರನ್ನಿನ ಜೇಬಿಗೆ ಕೈ ಹಾಕಿ
ಬುಗುರಿ ತೆಗೆಯುವಳು.

ಚಾಟಿ ಬೇಡ ಇದಕ್ಕೆ.
ಹೆಬ್ಬೆರಳು ತೋರುಬೆರಳ ನಡುವೆ
ಚಿಟಿಕೆ ಉಪ್ಪು ಉದುರಿಸಿದ ಹಾಗೆ
ಒಂದು ತಿರುವು, ಅಷ್ಟೇ.
ನಾಲ್ಕು ಮೈ, ಮೈಗೊಂದು ಅಕ್ಷರ.

ಅವಳಪ್ಪ ಬಿಯಾಲಿಸ್ಟಾಕಿನಲ್ಲಿ
ಅಚ್ಚುಮೊಳೆ ಜೋಡಿಸುತ್ತಿದ್ದವನು.
ಸವೆದ ಮೊಳೆಗಳನ್ನು ಕರಗಿಸಿ
ಮರದ ಪಡಿಯಚ್ಚಿಗೆ ಹೊಯ್ದು ಮಾಡಿದ್ದು ಇದು.
ಎಷ್ಟು ಮದುವೆಯ ಕರೆಯೋಲೆ, ಎಷ್ಟು ಸಾವಿನ ಸುದ್ದಿ
ಒಟ್ಟಿಗೆ ಕುದ್ದಿವೆಯೋ ಇದರೊಳಗೆ,
ಬಾಯಿಗಿಡಬೇಡಿ, ಎನ್ನುವಳು.
ಸೀಸ ವಿಷವೆಂದೋ
ಇನ್ನೇನಕ್ಕೋ.

ಆಟಕ್ಕೆ ನಾನು, ತಮ್ಮ ದಾರಿಯೊ,
ಎದುರು ಬೇಕರಿಯವರ ಹುಡುಗ ವಾಷಿಂಗ್ಟನ್.
(ಇಲ್ಲಿ ಅಂಥ ಹೆಸರಿಡುತ್ತಾರೆ, ನಗಬೇಡಿ.)
ನಮ್ಮ ಅಕ್ಷರ ಅವನಿಗೆ ಬಾರದು.
ಅಜ್ಜಿ ಹೇಳಿಕೊಟ್ಟಳು:
ಕೊಕ್ಕೆಯ ಹಾಗಿದೆಯಲ್ಲ, ಅದು ನೂನ್,
ಬಂದರೆ ಸುಮ್ಮನೆ ಕೂತಿರು.
ಒಂದು ಕಾಲು ಮುಂದಿಟ್ಟು ಹೊರಟವನು ಗಿಮೆಲ್,
ಬಾಚಿಕೋ ಎಲ್ಲ.
ಒಂದು ಪಕ್ಕ ಮುರಿದ ಬಾಗಿಲು ಹೇ, ಅರ್ಧ ನಿನ್ನದು.
ಮೂರು ಕವಲಿನ ಮುಳ್ಳುಚಮಚ ಶಿನ್ ಬಂತೋ,
ತೆರು ಒಂದು ಕಡಲೆಕಾಯಿ.
ನಾಲ್ಕನ್ನೂ ಸೇರಿಸಿ ಓದಿದರೆ
ದೊಡ್ಡದೊಂದು ಪವಾಡ ನಡೆಯಿತು, ಅಲ್ಲಿ.

ಆ ವರ್ಷ ಹೈಫಾದಿಂದ ಪಾರ್ಸೆಲ್ಲು,
ಚಿಕ್ಕಪ್ಪ ನಫ್ತಾಲಿ ಕಳಿಸಿದ
ನೀಲಿ ಪ್ಲಾಸ್ಟಿಕ್ಕಿನ ಬುಗುರಿ.
ನೋಡಿದರೆ ಶಿನ್ ಇಲ್ಲ! ಅದರ ಜಾಗದಲ್ಲಿ ಪೇ,
ತೆರೆದ ಬಾಯಿ, ಒಳಗೊಂದೇ ಹಲ್ಲು.
ಅವರಿರುವುದು ಅಲ್ಲೇ ತಾನೆ, ದಾರಿಯೊ ಅಂದ,
ಅದಕ್ಕೇ ಇಲ್ಲಿ ಅಂತ ಬರೆದಿದ್ದಾರೆ.

ವಾಷಿಂಗ್ಟನ್ ತಲೆ ಕೆರೆದುಕೊಂಡ:
ಅಲ್ಲಿಯ ಇಲ್ಲಿ ಈಗ ಇಲ್ಲಿಗೇ ಬಂತಲ್ಲ,
ಹಾಗಾದರೆ ಪವಾಡ ನಡೆದದ್ದು ನಮ್ಮ ಬೇಕರಿ ಬೀದಿಯಲ್ಲಾ?

ಎಣ್ಣೆಯಲ್ಲಿ ಆಲೂಗಡ್ಡೆ ದೋಸೆ ಮಗುಚುತ್ತ
ಅಜ್ಜಿ ಬೆನ್ನು ಕುಲುಕುವಷ್ಟು ನಕ್ಕಳು.
ಅಲ್ಲಿ ಅಂದರೂ ಒಂದು ತೆರಬೇಕು ಮಗನೇ,
ಇಲ್ಲಿ ಅಂದರೂ ಒಂದು.
ತೆಗಿ ಕಡಲೆಕಾಯಿ.

ಅಂದಿನಿಂದ ಪ್ಲಾಸ್ಟಿಕ್ಕು ನಮಗೆ, ಸೀಸ ಅವಳಿಗೆ.
ಯಾರು ಕೇಳಿದರೂ ಕೊಡಳು.
ಹತ್ತು ಸಲ ತಿರುಗಿಸಿದರೆ
ಏಳು ಸಲ ಶಿನ್ ಮೇಲೆ.
ಅಲ್ಲಿ.
ಮತ್ತೆ ಅಲ್ಲಿ.
ಅವಳ ಮುಂದಿನ ಗುಡ್ಡೆ ಕರಗಿ
ನಮ್ಮ ಜೇಬು ಉಬ್ಬುವುದು.
ಅಜ್ಜಿಗೆ ಆಟ ಬಾರದು ಅಂದುಕೊಂಡಿದ್ದೆವು.

ಈಗ ಬುಗುರಿ ನನ್ನ ಬಳಿ.
ಹೋದ ತಿಂಗಳು ಕಿವಿಯ ಹತ್ತಿರ ಹಿಡಿದು
ಉಗುರಿನಿಂದ ಒಂದೊಂದೇ ಮೈ ತಟ್ಟಿದೆ.
ಮೂರು ಮೈ ಗಟ್ಟಿ.
ಶಿನ್ನಿನ ಹಿಂದೆ ಟೊಳ್ಳು,
ಎರಕದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ.
ಅಷ್ಟೊಂದು ಸೀಸದಲ್ಲಿ
ಹಗುರವಾಗಿರುವುದು ಅದೊಂದೇ, ಅದಕ್ಕೇ ಮೇಲೆ ಬರುತ್ತದೆ.
ಅವಳು ಹಡಗು ಹತ್ತಿದ್ದು ಹದಿನೇಳಕ್ಕೆ.
ಆಮೇಲೆ ಆ ಊರಿಂದ
ಮೂರು ಕಾಗದ ಬಂದವು,
ನಾಲ್ಕನೆಯದು ಬರಲಿಲ್ಲ.

ಎಂಟೂ ಮುಕ್ಕಾಲು. ಕಿಟಕಿಯಾಚೆ ಇನ್ನೂ ಬಿಸಿಲು.
ಚಾಕಲೇಟಿನ ನಾಣ್ಯಗಳು ಕಾಗದದೊಳಗೇ ಮೆತ್ತಗಾಗಿವೆ.
ಮಗಳು ಎಡಗೈಯಲ್ಲಿ ತಿರುಗಿಸಿದಳು.
ಮೇಜಿನಂಚಿಗೆ ಹೋಗಿ, ತೂರಾಡಿ,
ಬಿತ್ತು.

ನೋಡದೆಯೇ
ಒಂದು ಕಡಲೆಕಾಯಿ ಇಟ್ಟೆ.
ಅಮ್ಮಾ, ಅದು ನನ್ನ ಸರದಿ, ಅಂದಳು.